ಗಾಳಿ ಹೇಳುವ ಎತ್ತರ

ಸೊಲ್ಲಾಪುರದ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು, ವಿಮಾನ ಇಳಿಯುವ ದಾರಿಗೆ ಅಡ್ಡವೆಂದು, 2023ರ ಜೂನ್ 15ರಂದು ಕೆಡವಿದರು. ಅದರ ಎತ್ತರ ಸುಮಾರು 90 ಮೀಟರ್. ಹೊಟಗಿ ರಸ್ತೆಯಲ್ಲಿ ಹೋಗುವವರಿಗೆ ಊರು ಬಂತೆಂದು ಹೇಳುವ ಗುರುತು ಅದೇ ಆಗಿತ್ತು. ಕಬ್ಬು ಬೆಳೆಯುವ ಸದಸ್ಯರು ಕೊನೆಯವರೆಗೂ ವಿರೋಧಿಸಿದರು. ಅವರ ಬೆವರಿನ ಷೇರು ಹಣ ಅದರಲ್ಲಿತ್ತು. ಅದು ಉರುಳಿದ ಮೇಲೆ ಅಕ್ಕಲಕೋಟ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹಿರಿಯ ರೈತರೊಬ್ಬರು ನನ್ನನ್ನು ಕೇಳಿದರು: "ಅಲ್ಲೋ ತಮ್ಮಾ, ಇಮಾನ ಅಷ್ಟ ಮ್ಯಾಲ ಹಾರತೈತಿ. ನಮ್ಮ ಚಿಮಣಿ ಅದಕ್ಕೇನ ಅಡ್ಡ ಬರತಿತ್ತು?"

ಆಗ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. "ಇಳಿಯೋ ಮುಂದ ಕೆಳಗ ಬರತೈತ್ರಿ ಕಾಕಾ" ಅಂದೆ, ಅಷ್ಟೆ. ಆದರೆ ವಿಮಾನ ಎಷ್ಟು ಕೆಳಗೆ ಬರುತ್ತದೆ, ಯಾವ ಜಾಗದಲ್ಲಿ ಎಷ್ಟು ಎತ್ತರದಲ್ಲಿರಬೇಕು, ಅಷ್ಟೇ ಎತ್ತರದಲ್ಲಿದೆ ಎಂದು ಒಳಗೆ ಕೂತವರಿಗೆ ಹೇಗೆ ಗೊತ್ತಾಗುತ್ತದೆ, ಗೊತ್ತಾಗದೆ ಹೋದರೆ ಏನಾಗುತ್ತದೆ ಎಂಬುದೆಲ್ಲ ಆ ಪ್ರಶ್ನೆಯಲ್ಲಿ ಸೇರಿತ್ತು. 2025ರ ಜೂನ್ 9ರಂದು ಸೊಲ್ಲಾಪುರದಿಂದ ಗೋವಾಕ್ಕೆ ಫ್ಲೈ91 ಸಂಸ್ಥೆಯ ಎಟಿಆರ್ ವಿಮಾನ ಹಾರಿದ ಮೇಲೆ ಇದು ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ಹಿಂದೊಮ್ಮೆ ಕಿಂಗ್‌ಫಿಷರ್ ವಿಮಾನ ಸಂಸ್ಥೆ ಕೆಲಕಾಲ ಬಂದು ನಿಂತುಹೋಗಿತ್ತು. ಈಗ ನಮ್ಮ ಜನ ಮತ್ತೆ ಇಲ್ಲಿಂದಲೇ ಹಾರುತ್ತಿದ್ದಾರೆ. ಗಡಿಯಾಚೆ 2019ರ ನವೆಂಬರಿನಲ್ಲಿ ಶುರುವಾದ ಕಲಬುರಗಿ ನಿಲ್ದಾಣವೂ ನಮಗೆ ದೂರವಲ್ಲ.

ಮೊದಲು ಲೆಕ್ಕ ನೋಡೋಣ. ಇಳಿಯುವ ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಅಂದರೆ ರನ್‌ವೇಯಿಂದ ಒಂದು ನಾಟಿಕಲ್ ಮೈಲಿ ದೂರಕ್ಕೆ ಸುಮಾರು 300 ಅಡಿ ಎತ್ತರ, ಎರಡು ಮೈಲಿಗೆ 600, ಹೀಗೆ. ಅಕ್ಕಲಕೋಟದಿಂದ ಸೊಲ್ಲಾಪುರ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಹತ್ತಿರ ಹತ್ತಿರ 30 ಕಿ.ಮೀ., ಅಂದರೆ 16 ನಾಟಿಕಲ್ ಮೈಲಿ. ತಿಳಿಯುವುದಕ್ಕಾಗಿ ಆ ಗೆರೆಯಲ್ಲೇ ವಿಮಾನ ಇಳಿದು ಬರುತ್ತದೆ ಎಂದುಕೊಂಡರೆ, ಅಕ್ಕಲಕೋಟದ ಸ್ವಾಮಿ ಸಮರ್ಥರ ಮಠದ ಮೇಲೆ ಅದು ನೆಲದಿಂದ 5,000 ಅಡಿಯಲ್ಲಿರಬೇಕು. ರನ್‌ವೇಗೆ ಒಂದು ಮೈಲಿ ಉಳಿದಾಗ 300 ಅಡಿಯಲ್ಲಿ. 90 ಮೀಟರ್ ಚಿಮಣಿ ಎಂದರೂ ಸುಮಾರು 300 ಅಡಿಯೇ. ರೈತ ಕಾಕಾನಿಗೆ ನಾನು ಕೊಡಬೇಕಿದ್ದ ಉತ್ತರ ಇದು. ಮೇಲೇರಿದ ವಿಮಾನದ ಪ್ರಯಾಣದಲ್ಲಿ ಕೊನೆಯ ನಾಲ್ಕೈದು ನಿಮಿಷ ಮಾತ್ರ ಅದರ ಎತ್ತರ ನಮ್ಮ ಮನೆ, ಮರ, ಚಿಮಣಿ, ಗುಡ್ಡಗಳ ಎತ್ತರಕ್ಕೆ ಹತ್ತಿರ ಬರುತ್ತದೆ. ಎತ್ತರದ ತಪ್ಪು ಜೀವ ತೆಗೆಯುವುದು ಹೆಚ್ಚಾಗಿ ಆ ನಿಮಿಷಗಳಲ್ಲೇ.

ಇನ್ನು ಎತ್ತರ ತೋರಿಸುವ ಉಪಕರಣ. ಆಲ್ಟಿಮೀಟರ್ ನೆಲವನ್ನು ನೋಡುವುದಿಲ್ಲ, ಅದು ಅಳೆಯುವುದು ಗಾಳಿಯ ಒತ್ತಡವನ್ನು. ಮೇಲೆ ಹೋದಂತೆ ಒತ್ತಡ ಕಡಿಮೆಯಾಗುತ್ತದೆ. ಆ ಕಡಿಮೆಯಾದ ಲೆಕ್ಕವನ್ನೇ ಅಡಿಗಳಲ್ಲಿ ತೋರಿಸುತ್ತದೆ. ಆದರೆ ಒತ್ತಡ ದಿನದಿನಕ್ಕೆ, ಊರೂರಿಗೆ ಬೇರೆ. ಆದ್ದರಿಂದ ಉಪಕರಣದಲ್ಲಿ ಒಂದು ಪುಟ್ಟ ಕಿಂಡಿ, ಅದರ ಪಕ್ಕ ತಿರುಗಿಸುವ ಗುಂಡಿ ಇರುತ್ತದೆ. ಇಳಿಯುವ ಊರಿನ ಈ ಹೊತ್ತಿನ ಒತ್ತಡ, ಸಮುದ್ರಮಟ್ಟದ ಲೆಕ್ಕದಲ್ಲಿ, ಎಷ್ಟು ಹೆಕ್ಟೋಪಾಸ್ಕಲ್ ಎಂದು ನಿಲ್ದಾಣದ ನಿಯಂತ್ರಣ ಗೋಪುರದವರು ರೇಡಿಯೋದಲ್ಲಿ ಹೇಳುತ್ತಾರೆ. ಪೈಲಟ್ ಅದನ್ನು ತಿರುಗಿ ಓದಿ ಹೇಳಿ, ಗುಂಡಿ ತಿರುಗಿಸಿ, ಕಿಂಡಿಯಲ್ಲಿ ಅದೇ ಅಂಕಿ ಬರುವಂತೆ ಮಾಡುತ್ತಾರೆ. ಹೊಸ ವಿಮಾನಗಳಲ್ಲಿ ಕಿಂಡಿಯ ಜಾಗಕ್ಕೆ ಪರದೆ ಬಂದಿದೆ, ಕೆಲಸ ಅದೇ. ಒಂದು ಹೆಕ್ಟೋಪಾಸ್ಕಲ್ ಹೆಚ್ಚುಕಡಿಮೆಯಾದರೆ ಎತ್ತರದ ಲೆಕ್ಕ ಸುಮಾರು 28 ಅಡಿ ತಪ್ಪುತ್ತದೆ. ಹತ್ತು ತಪ್ಪಿದರೆ 280 ಅಡಿ, ಅಂದರೆ ಹತ್ತಿರ ಹತ್ತಿರ ನಮ್ಮ ಚಿಮಣಿಯಷ್ಟು.

ಹತ್ತು ತಪ್ಪಿದ್ದು ನಿಜವಾಗಿಯೂ ನಡೆದಿದೆ. 2022ರ ಮೇ 23ರಂದು ಪ್ಯಾರಿಸ್‌ನ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ ಏರ್‌ಬಸ್ ಎ320 ಒಂದು ಮಳೆಯಲ್ಲಿ ಇಳಿಯಲು ಬರುತ್ತಿತ್ತು. ಆ ಹೊತ್ತಿನ ಒತ್ತಡ 1001. ನಿಯಂತ್ರಕರ ಬಾಯಲ್ಲಿ 1011 ಎಂದು ಬಂತು. ಪೈಲಟ್ ಕೇಳಿದ್ದನ್ನು ಸರಿಯಾಗಿಯೇ ತಿರುಗಿ ಓದಿದರು, ಸರಿಯಾಗಿಯೇ ಗುಂಡಿ ತಿರುಗಿಸಿದರು. ತಿರುಗಿ ಓದುವ ರೂಢಿ ಪಾಲನೆಯಾಯಿತು, ತಪ್ಪು ಮಾತ್ರ ಮೊದಲ ಮಾತಿನಲ್ಲೇ ಕೂತಿತ್ತು. ವಿಮಾನ ತನ್ನ ದಾರಿಗಿಂತ 280 ಅಡಿ ಕೆಳಗೆ ಇಳಿಯುತ್ತ ಹೋಯಿತು. ಒಳಗಿನ ನೆಲ ಎಚ್ಚರಿಕೆ ಯಂತ್ರ ಕೂಗಲಿಲ್ಲ. ರನ್‌ವೇ ಕಾಣದ ಕಾರಣ ಪೈಲಟ್‌ಗಳು ಮೇಲೇರಲು ನಿರ್ಧರಿಸಿದರು. ಮೇಲೇರತೊಡಗುವ ಮುನ್ನ ವಿಮಾನಕ್ಕೂ ನೆಲಕ್ಕೂ ಉಳಿದ ಕನಿಷ್ಠ ಅಂತರ ಸುಮಾರು ಆರು ಅಡಿ ಎಂದು ಫ್ರಾನ್ಸಿನ ತನಿಖಾ ಸಂಸ್ಥೆ ಬರೆದಿದೆ. ಆಳೆತ್ತರ! ರನ್‌ವೇ ಇನ್ನೂ ಹತ್ತಿರ ಹತ್ತಿರ ಒಂದು ಮೈಲಿ ಮುಂದಿತ್ತು. ಎರಡನೇ ಸಲವೂ ಅದೇ ತಪ್ಪು ಅಂಕಿಯಲ್ಲೇ ಬಂದರು. ಈ ಸಲ ರನ್‌ವೇ ದೀಪ ಕಂಡದ್ದರಿಂದ ಎತ್ತರ ಸರಿಪಡಿಸಿಕೊಂಡು ಇಳಿದರು. ಯಾರಿಗೂ ಗಾಯವಾಗಲಿಲ್ಲ.

ಅಂಕಿ ಸರಿಯಿದ್ದರೂ ಬಿಸಿಲು ಎತ್ತರದ ಲೆಕ್ಕ ಕೆಡಿಸುತ್ತದೆ ಎಂಬುದು ಸೊಲ್ಲಾಪುರದವರಿಗೆ ಗೊತ್ತಿರಬೇಕಾದ ಸಂಗತಿ. ಆಲ್ಟಿಮೀಟರ್ ಒಂದು ಸಾಧಾರಣ ತಂಪಿನ ಗಾಳಿಯನ್ನು ನೆನೆದು ಮಾಡಿದ ಯಂತ್ರ. ನಮ್ಮ ಮೇ ತಿಂಗಳ 43 ಡಿಗ್ರಿಯಲ್ಲಿ ಗಾಳಿ ಹಿಗ್ಗಿರುತ್ತದೆ. ನಿಲ್ದಾಣದಿಂದ 1,000 ಅಡಿ ಮೇಲಿದ್ದೇನೆ ಎಂದು ಯಂತ್ರ ಹೇಳುವಾಗ ವಿಮಾನ ನಿಜಕ್ಕೂ 1,100 ಅಡಿಗೂ ಮೇಲಿರುತ್ತದೆ. ಮೇಲಿರುವುದು ಒಳ್ಳೆಯದಲ್ಲವೇ ಎಂದು ಅನಿಸಬಹುದು. ಆದರೆ ಎತ್ತರ ಉಳಿದರೆ ಇಳಿಜಾರು ಕಡಿದಾಗುತ್ತದೆ, ತೆಳುವಾದ ಗಾಳಿಯಲ್ಲಿ ವಿಮಾನ ನೆಲದ ಲೆಕ್ಕದಲ್ಲಿ ಹೆಚ್ಚು ವೇಗದಲ್ಲಿ ಬರುತ್ತದೆ, ರನ್‌ವೇ ಸಾಲದಾಗುತ್ತದೆ. ಲೇಹ್‌ನ ಚಳಿಯಲ್ಲಿ ಇದರ ತದ್ವಿರುದ್ಧ: ಯಂತ್ರ ಹೇಳುವುದಕ್ಕಿಂತ ವಿಮಾನ ಕೆಳಗಿರುತ್ತದೆ.

ಅವಧಿಗೆ ಮುನ್ನವೇ ಇಳಿದು ಗುಡ್ಡಕ್ಕೆ ಬಡಿದ ಕಥೆಗಳು ಹಳೆಯವು, ಅವುಗಳಲ್ಲೊಂದು ನಮ್ಮ ರಾಜ್ಯದ್ದೇ. 1962ರ ಜುಲೈ 7ರ ರಾತ್ರಿ ಮುಂಬಯಿಗೆ ಬರುತ್ತಿದ್ದ ಅಲಿಟಾಲಿಯಾ ಡಿಸಿ-8 ಪುಣೆ ಜಿಲ್ಲೆಯ ಜುನ್ನರ್ ಹತ್ತಿರದ ಗುಡ್ಡಕ್ಕೆ ಬಡಿದು ಒಳಗಿದ್ದ 94 ಜನರೂ ತೀರಿಕೊಂಡರು. ಮುಂಬಯಿ ಹತ್ತಿರ ಬಂತೆಂದು ತಿಳಿದು ಸಹ್ಯಾದ್ರಿ ದಾಟುವ ಮೊದಲೇ ಇಳಿಯತೊಡಗಿದ್ದರು. 1966ರ ಜನವರಿ 24ರಂದು ಏರ್ ಇಂಡಿಯಾದ 'ಕಾಂಚನಜುಂಗಾ' ಜಿನೀವಾಕ್ಕೆ ಇಳಿಯುವ ಮುಂಚೆ ಮೋಂ ಬ್ಲಾಂ ಪರ್ವತಕ್ಕೆ ಬಡಿಯಿತು. ಸತ್ತವರು 117 ಮಂದಿ. ಅವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಹೋಮಿ ಭಾಭಾ ಒಬ್ಬರು. ಪರ್ವತ ದಾಟಿಯಾಯಿತು ಎಂದು ಪೈಲಟ್ ನಂಬಿದ್ದರು. ದಾಟಿಲ್ಲವೆಂದು ರಾಡಾರ್ ನಿಯಂತ್ರಕರು ಹೇಳಿದ ಮಾತು ಅವರಿಗೆ ಬೇರೆ ಅರ್ಥದಲ್ಲಿ ಕೇಳಿಸಿತು. 1988ರ ಅಕ್ಟೋಬರಿನಲ್ಲಿ ಅಹಮದಾಬಾದ್, 1991ರ ಆಗಸ್ಟಿನಲ್ಲಿ ಇಂಫಾಲ್. ಎರಡೂ ಇಂಡಿಯನ್ ಏರ್‌ಲೈನ್ಸ್‌ನ ಬೋಯಿಂಗ್ 737ಗಳು, ಎರಡೂ ಇಳಿಯುವ ದಾರಿಯಲ್ಲಿ ಬಿದ್ದವು.

ಬೆಂಗಳೂರಿನ ಅಪಘಾತ ಬೇರೆ ತರಹದ್ದು. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅಲ್ಲಿ ಮಂಜಿರಲಿಲ್ಲ, ಗುಡ್ಡವಿರಲಿಲ್ಲ, ರಾತ್ರಿಯೂ ಅಲ್ಲ. 1990ರ ಫೆಬ್ರವರಿ 14, ಮಧ್ಯಾಹ್ನ ಒಂದರ ಹೊತ್ತು. ಮುಂಬಯಿಯಿಂದ 146 ಜನರನ್ನು ಹೊತ್ತು ಬಂದ ಇಂಡಿಯನ್ ಏರ್‌ಲೈನ್ಸ್ 605 ಎಚ್‌ಎಎಲ್ ನಿಲ್ದಾಣದ ರನ್‌ವೇಯನ್ನು ಕಣ್ಣಾರೆ ಕಾಣುತ್ತ ಇಳಿಯುತ್ತಿತ್ತು. ಎ320 ಆಗ ನಮ್ಮ ದೇಶಕ್ಕೆ ಹೊಸದು. ಅದರ ಮುಂಫಲಕದಲ್ಲಿ ಎರಡು ಗುಂಡಿಗಳು ಅಕ್ಕಪಕ್ಕ: ಯಾವ ಎತ್ತರಕ್ಕೆ ಹೋಗಬೇಕು ಎಂದು ಹೇಳಲು ಒಂದು, ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕು ಎಂದು ಹೇಳಲು ಇನ್ನೊಂದು. ನಿಮಿಷಕ್ಕೆ 700 ಅಡಿ ಎಂದು ಕೇಳಿದ್ದಕ್ಕೆ ಕೈ ಎತ್ತರದ ಗುಂಡಿಗೆ ಹೋಗಿರಬೇಕು ಎಂಬುದು ವಿಚಾರಣೆಯಲ್ಲಿ ಹೆಚ್ಚು ಸಂಭವನೀಯವೆಂದು ಕಂಡ ವಿವರಣೆ. ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಮೇಲಿರುವ ಬೆಂಗಳೂರಿನಲ್ಲಿ 700 ಅಡಿ ಎಂದರೆ ಭೂಮಿಯೊಳಗೆ! ಯಂತ್ರಕ್ಕೆ ಅದು ತಿಳಿಯದು. ಆ ಎತ್ತರಕ್ಕೆ ಇಳಿಯಲು ಅದು ಇಂಜಿನ್ನುಗಳ ಶಕ್ತಿಯನ್ನು ತೀರ ಕನಿಷ್ಠಕ್ಕೆ ತಂದಿಟ್ಟಿತು. ಪೈಲಟ್‌ಗಳು ಮೂತಿ ಎತ್ತಿ ದಾರಿ ಉಳಿಸಿಕೊಳ್ಳಲು ನೋಡಿದಂತೆ ವೇಗ ಕುಸಿಯುತ್ತ ಬಂತು. ರೇಡಿಯೋ ಅಲೆಯಿಂದ ನೆಲ ಅಳೆಯುವ ಉಪಕರಣ ನಾನೂರು, ಮುನ್ನೂರು, ಇನ್ನೂರು ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಎಣಿಸಿತು. ವೇಗದ ಅಂಕಿ ಕಣ್ಣೆದುರಿಗೇ ಇತ್ತು. ಇಂಜಿನ್ನಿಗೆ ಶಕ್ತಿ ಕೊಟ್ಟಾಗ ಹೊತ್ತು ಮೀರಿತ್ತು. ವಿಮಾನ ರನ್‌ವೇಗೆ ಸುಮಾರು 2,300 ಅಡಿ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ನೆಲ ಮುಟ್ಟಿ, ಒಡ್ಡಿಗೆ ಬಡಿದು ಹೊತ್ತಿ ಉರಿಯಿತು. 92 ಜನ ಹೋದರು, 54 ಜನ ಉಳಿದರು. ಎತ್ತರ ಕೂಗಿ ಹೇಳಿದ ಮೇಲೂ ಪೈಲಟ್‌ಗಳು ಪರಿಸ್ಥಿತಿಯ ಗಂಭೀರತೆ ಅರಿಯಲಿಲ್ಲ ಎಂದು ವಿಚಾರಣೆ ತೀರ್ಮಾನಿಸಿತು.

ನಾನು ಆ ತೀರ್ಮಾನವನ್ನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಪೈಲಟ್ ತಪ್ಪು ಎಂದು ಬರೆದು ಕಡತ ಮುಚ್ಚುವುದು ಸುಲಭ. ಎರಡು ವರ್ಷಗಳೊಳಗೆ, 1992ರ ಜನವರಿ 20ರಂದು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಇನ್ನೊಂದು ಎ320 ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಅಲ್ಲಿ 3.3 ಡಿಗ್ರಿ ಇಳಿಜಾರು ಕೊಡಬೇಕಾದಲ್ಲಿ ಯಂತ್ರ ನಿಮಿಷಕ್ಕೆ 3,300 ಅಡಿ ಎಂದು ತಿಳಿದಿರುವ ಸಾಧ್ಯತೆ ತನಿಖೆಯಲ್ಲಿ ಹೊರಬಂತು. ಒಂದೇ ಗುಂಡಿ, ಒಂದೇ ಕಿಂಡಿ. ಒಂದು ರೀತಿಯಲ್ಲಿ 3.3 ಎಂದೂ ಇನ್ನೊಂದು ರೀತಿಯಲ್ಲಿ ಬರೀ 33 ಎಂದೂ ತೋರಿಸುತ್ತಿತ್ತು. ಆಮೇಲೆ ಆ ಕಿಂಡಿಯಲ್ಲಿ ನಾಲ್ಕು ಅಂಕಿ ಪೂರ್ತಿ ಕಾಣುವಂತೆ ಬದಲಿಸಿದರು. ಕೈ ತಪ್ಪುವುದು ಮನುಷ್ಯ ಸಹಜ. ತಪ್ಪಿದ್ದು ಕಣ್ಣಿಗೆ ಬೀಳದಂತೆ ಯಂತ್ರ ಮಾಡಿದವರಿಗೂ ಅದರಲ್ಲಿ ಪಾಲಿದೆ.

ಹರಿಯಾಣದ ಚರ್ಖಿ ದಾದ್ರಿಯಲ್ಲಿ 1996ರ ನವೆಂಬರ್ 12ರ ಸಂಜೆ ನಡೆದದ್ದು ಅಂಕಿಯ ತಪ್ಪಿಗಿಂತ ಭಾಷೆಯ ತಪ್ಪು. ದೆಹಲಿಗೆ ಇಳಿಯುತ್ತಿದ್ದ ಕಜಕಸ್ತಾನದ ಇಲ್ಯೂಷಿನ್‌ಗೆ 15,000 ಅಡಿಯಲ್ಲಿ ನಿಲ್ಲಲು ನಿಯಂತ್ರಕರು ಹೇಳಿದ್ದರು, ದೆಹಲಿಯಿಂದ ಏರುತ್ತಿದ್ದ ಸೌದಿ ಬೋಯಿಂಗ್ 747ಗೆ 14,000. ಇಲ್ಯೂಷಿನ್ ನಿಲ್ಲದೆ ಕೆಳಗಿಳಿದು ಬೋಯಿಂಗಿಗೆ ಡಿಕ್ಕಿ ಹೊಡೆಯಿತು. ಅದರ ಸಿಬ್ಬಂದಿ ಮೀಟರ್ ಲೆಕ್ಕದಲ್ಲಿ ಬೆಳೆದವರು, ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ. ರೇಡಿಯೋದಲ್ಲಿ ಮಾತಾಡುತ್ತಿದ್ದವರ ಎದುರಿಗೆ ಎತ್ತರ ತೋರಿಸುವ ಉಪಕರಣವೇ ಇರಲಿಲ್ಲ. ಕೇಳಿದವರಿಗೆ ಎತ್ತರ ಕಾಣದು, ಎತ್ತರ ಕಂಡವರು ಕೇಳಿರಲಿಲ್ಲ. ದೆಹಲಿಯ ರಾಡಾರ್ ಕೂಡ ಆಗ ಹಳೆಯದು, ವಿಮಾನದ ಜಾಗ ತೋರಿಸುತ್ತಿತ್ತೇ ಹೊರತು ಎತ್ತರ ತೋರಿಸುತ್ತಿರಲಿಲ್ಲ. 349 ಜನರ ಪ್ರಾಣ ಹೋಯಿತು. ಆಗಸದಲ್ಲಿ ನಡೆದ ಡಿಕ್ಕಿಗಳಲ್ಲಿ ಇಷ್ಟು ಜನ ಸತ್ತದ್ದು ಇನ್ನೊಂದಿಲ್ಲ. ಎದುರು ಬರುವ ವಿಮಾನದ ಬಗ್ಗೆ ಎಚ್ಚರಿಸುವ ಯಂತ್ರ ನಮ್ಮಲ್ಲಿ ಕಡ್ಡಾಯವಾದದ್ದು ಅದರ ನಂತರ.

ಮಂಗಳೂರನ್ನು ನೆನೆದರೆ ಈಗಲೂ ಮನಸ್ಸು ಭಾರವಾಗುತ್ತದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812ರಲ್ಲಿ ದಕ್ಷಿಣ ಕನ್ನಡ, ಕಾಸರಗೋಡಿನ ದುಡಿದುಣ್ಣುವ ಮನೆಗಳ ಜನ ತುಂಬಿದ್ದರು. ಇಲ್ಲಿ ತಪ್ಪಿದ್ದು ಎತ್ತರ ಹೆಚ್ಚಾಗಿ. ಎರಡು ದಿನದಿಂದ ಮಂಗಳೂರಿನ ರಾಡಾರ್ ಕೆಟ್ಟಿತ್ತು, ಹಾಗಾಗಿ 130 ಮೈಲಿ ದೂರದಲ್ಲಿ ಕೇಳಿದ ಇಳಿಯುವ ಅನುಮತಿ 80 ಮೈಲಿಗೆ ಬಂದಾಗ ಸಿಕ್ಕಿತು. ಆ ದಾರಿಯಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ದೆಯಲ್ಲಿದ್ದರು. ಎಚ್ಚರಾದ ಮೇಲೂ, ತಡವಾಗಿ ಇಳಿಯತೊಡಗಿದ್ದರಿಂದ ಉಳಿದ ಎತ್ತರ ಪೂರ್ತಿ ಕರಗಲಿಲ್ಲ. ರನ್‌ವೇ ಹತ್ತಿರವಾದಾಗ ವಿಮಾನ ಇರಬೇಕಾದ್ದಕ್ಕಿಂತ ಸುಮಾರು ಎರಡು ಪಟ್ಟು ಎತ್ತರದಲ್ಲಿತ್ತು. ರನ್‌ವೇ ಅಂಚನ್ನು 50 ಅಡಿಯಲ್ಲಿ ದಾಟಬೇಕಿದ್ದದ್ದು 200 ಅಡಿಯಲ್ಲಿ ದಾಟಿತು. ಸಹಪೈಲಟ್‌ಗೆ ಇದು ಗೊತ್ತಾಗಿತ್ತು. ಮೂರು ಸಲ "ಗೋ ಅರೌಂಡ್" ಅಂದರು: ಇಳಿಯಬೇಡಿ, ಮೇಲೇರಿ ಸುತ್ತಿ ಬನ್ನಿ. ಕ್ಯಾಪ್ಟನ್ ಇಳಿಸಿಯೇಬಿಟ್ಟರು. 8,033 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಗಾಲಿ ನೆಲ ಮುಟ್ಟಿತು. ಗುಡ್ಡದ ತುದಿಯ ರನ್‌ವೇ, ಆಚೆ ಕೊರಕಲು. 166 ಜನರಲ್ಲಿ ಉಳಿದವರು ಎಂಟು.

ಹತ್ತು ವರ್ಷದ ಮೇಲೆ, 2020ರ ಆಗಸ್ಟ್ 7ರ ಮಳೆಯ ರಾತ್ರಿ, ಕೋಯಿಕ್ಕೋಡ್‌ನಲ್ಲಿ ಹೆಚ್ಚುಕಡಿಮೆ ಅದೇ ನಡೆಯಿತು. ಅದೇ ಸಂಸ್ಥೆ, ಅದೇ ತರಹದ ಗುಡ್ಡದ ರನ್‌ವೇ, ಅಲ್ಲಿಯೂ ಸಹಪೈಲಟ್ ಗೋ ಅರೌಂಡ್ ಅಂದಿದ್ದರು. 21 ಸಾವು. ಮೊದಲ ದುರಂತದ ವರದಿಯಲ್ಲಿ ಬರೆದದ್ದನ್ನು ಎರಡನೆಯದರಲ್ಲಿ ಮತ್ತೆ ಬರೆಯಬೇಕಾದದ್ದು ನನಗೆ ಇಡೀ ಸಮೀಕ್ಷೆಯಲ್ಲಿ ಅತ್ಯಂತ ನೋವಿನ ಸಂಗತಿ.

ಯಂತ್ರಗಳು ಬಹಳ ಮಾಡಿವೆ, ಇಲ್ಲವೆನ್ನುವಂತಿಲ್ಲ. 1974ರಲ್ಲಿ ವಾಷಿಂಗ್ಟನ್ ಹತ್ತಿರ ಬೆಟ್ಟಕ್ಕೆ ಬಡಿದು 92 ಜನ ಸತ್ತ ಮೇಲೆ ನೆಲ ಎಚ್ಚರಿಕೆ ಯಂತ್ರ ಅಮೆರಿಕದಲ್ಲಿ ಕಡ್ಡಾಯವಾಯಿತು. ಅದನ್ನು ರೂಪಿಸಿದ ಇಂಜಿನಿಯರ್ ಡಾನ್ ಬೇಟ್‌ಮನ್ ಸೋವಿಯತ್ ಒಕ್ಕೂಟ ಮುರಿದ ನಂತರ ಅಲ್ಲಿಯ ಭೂಪಟಗಳ ಮಾಹಿತಿಯನ್ನು ಕೊಳ್ಳುವಂತೆ ಮಾಡಿ, ಜಗತ್ತಿನ ಬೆಟ್ಟಗುಡ್ಡಗಳನ್ನೆಲ್ಲ ಯಂತ್ರದ ನೆನಪಿನಲ್ಲಿಟ್ಟರು. ಈಗ ಗುಡ್ಡ ಎದುರಾಗುವ ಮೊದಲೇ ಕಾಕ್‌ಪಿಟ್ಟಿನಲ್ಲಿ "ಪುಲ್ ಅಪ್" ಎಂಬ ಕೂಗು ಬರುತ್ತದೆ. ಜುನ್ನರ್‌ನಂಥ ಅಪಘಾತ ಈಗ ಬಲು ಅಪರೂಪವಾಗಿದ್ದರೆ ಅದರ ಪುಣ್ಯದಲ್ಲಿ ದೊಡ್ಡ ಪಾಲು ಈ ಮನುಷ್ಯನದು. ಆದರೆ ರನ್‌ವೇಗೆ ತೀರ ಹತ್ತಿರ ಬಂದಾಗ ಯಂತ್ರ ಸುಮ್ಮನಿರಲೇಬೇಕು, ಇಲ್ಲವಾದರೆ ಪ್ರತಿ ಸಲ ಇಳಿಯುವಾಗಲೂ ಕೂಗುತ್ತದೆ. ಪ್ಯಾರಿಸ್ಸಿನಲ್ಲಿ ವಿಮಾನ ಇಳಿದದ್ದು ಆ ಮೌನದ ಜಾಗಕ್ಕೇ.

ಅಲ್ಲಿಂದಾಚೆಗೆ ಉಳಿಯುವುದು ವಿಮಾನದೊಳಗೆ ಇಬ್ಬರು ಮನುಷ್ಯರು, ಗೋಪುರದಲ್ಲಿ ಇನ್ನೊಬ್ಬರು. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮನ ಜಾತ್ರೆಯಲ್ಲಿ ಏಳು ನಂದಿಕೋಲು ಹೊರಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೋಲು ಹೊತ್ತವನಿಗೆ ಭಾರ ಗೊತ್ತು, ತುದಿ ಕಾಣದು. ತುದಿ ವಾಲಿದ್ದು ಸುತ್ತ ನಿಂತವರಿಗೆ ಕಾಣುತ್ತದೆ. ಅವರು ಕೂಗುತ್ತಾರೆ, ಹೊತ್ತವನು ಎಷ್ಟೇ ಹಿರಿಯನಾಗಿರಲಿ, ಆ ಕೂಗಿಗೆ ಹೆಜ್ಜೆ ಬದಲಿಸುತ್ತಾನೆ. ಕಾಕ್‌ಪಿಟ್ಟಿನಲ್ಲಿ ಒಬ್ಬರು ವಿಮಾನ ನಡೆಸುತ್ತಾರೆ, ಇನ್ನೊಬ್ಬರು ಎತ್ತರ, ವೇಗ ನೋಡಿ ಹೇಳುತ್ತಾರೆ. ಹೇಳುವುದು ಅವರ ಕೆಲಸ, ಕೇಳುವುದು ಕ್ಯಾಪ್ಟನ್ ಕೆಲಸ. 10,000 ಅಡಿಗಿಂತ ಕೆಳಗೆ ಹಾರಾಟಕ್ಕೆ ಬೇಡದ ಮಾತು ಆಡಬಾರದು ಎಂಬ ನಿಯಮ ಇದಕ್ಕಾಗಿಯೇ ಬಂದದ್ದು. 1,000 ಅಡಿಗೆ ಬಂದಾಗ, ಹವೆ ತಿಳಿಯಾಗಿದ್ದರೆ 500 ಅಡಿಗೆ ಬಂದಾಗ, ವೇಗ, ದಾರಿ, ಇಳಿಜಾರು ಎಲ್ಲ ಸರಿ ಇರಬೇಕು. ಇಲ್ಲದಿದ್ದರೆ ಮೇಲೇರಿ ಸುತ್ತಬೇಕು. ಬೆಂಗಳೂರಿಗೂ ಮಂಗಳೂರಿಗೂ ಈ ಒಂದು ನಿಯಮ ಸಾಕಿತ್ತು. ಆದರೆ ಅಮೆರಿಕದ ಫ್ಲೈಟ್ ಸೇಫ್ಟಿ ಫೌಂಡೇಷನ್ ಮಾಡಿದ ಅಧ್ಯಯನ ನೋಡಿದರೆ, ಸರಿಯಿಲ್ಲದ ಸ್ಥಿತಿಯಲ್ಲಿ ಇಳಿಯಲು ಬಂದ 100 ವಿಮಾನಗಳಲ್ಲಿ ಮೇಲೇರಿ ಸುತ್ತುವುದು ಬರೀ ಮೂರು. ಉಳಿದ 97 ಹಾಗೆಯೇ ಇಳಿಯುತ್ತವೆ. ಬಹುತೇಕ ಸಲ ಏನೂ ಆಗುವುದಿಲ್ಲ. ಏನೂ ಆಗದೆ ಹೋಗುವುದೇ ಆ ರೂಢಿಯನ್ನು ಗಟ್ಟಿ ಮಾಡುತ್ತದೆ.

ಇಂಧನದ ಲೆಕ್ಕ, ವೇಳೆಯ ಒತ್ತಡ, ಸುತ್ತಿ ಬಂದದ್ದಕ್ಕೆ ಯಾರಿಗೋ ಉತ್ತರ ಕೊಡಬೇಕೆಂಬ ಅಳುಕು, ಹಿರಿಯರ ಮುಂದೆ ಬಾಯಿ ತೆರೆಯಲು ಸಂಕೋಚ ಎಲ್ಲವೂ ಇದರ ಹಿಂದಿವೆ. ಕೊನೆಯದು ನಮ್ಮ ಮನೆಗಳಲ್ಲೇ ಕಲಿತದ್ದು. ಸಹಪೈಲಟ್ ಎರಡು ಸಲ ಹೇಳಿಯೂ ಕ್ಯಾಪ್ಟನ್ ಕಿವಿಗೊಡದಿದ್ದರೆ ಸಹಪೈಲಟ್ಟೇ ವಿಮಾನದ ಹಿಡಿತ ತೆಗೆದುಕೊಳ್ಳಬೇಕು ಎಂದು ಸಂಸ್ಥೆಗಳ ಕೈಪಿಡಿಯಲ್ಲಿರುತ್ತದೆ. ಕೋಯಿಕ್ಕೋಡ್ ವರದಿ ಎತ್ತಿದ ಲೋಪಗಳಲ್ಲಿ ಅದೂ ಒಂದು. ಕೈಪಿಡಿಯ ಸಾಲು ಕೈಗೆ ಬರಬೇಕಾದರೆ, ಹಾಗೆ ಮಾಡಿದ ಕಿರಿಯನ ಬೆನ್ನಿಗೆ ಸಂಸ್ಥೆ ನಿಲ್ಲುತ್ತದೆ ಎಂಬ ನಂಬಿಕೆ ಮೊದಲು ಬರಬೇಕು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಹೊಸ ಯಂತ್ರ ಆಮೇಲಿನ ಮಾತು.

ಹಾಗಾದರೆ ಚಿಮಣಿ ಕೆಡವಿದ್ದು ಸರಿಯೇ? ಸರಿ. ಇಳಿಯುವ ವಿಮಾನದ ಎತ್ತರದಲ್ಲಿ 280 ಅಡಿ ತಪ್ಪು ಬರುವುದು ಸಾಧ್ಯವೆಂದು ಪ್ಯಾರಿಸ್ ತೋರಿಸಿಕೊಟ್ಟಿದೆ. ಅಂಥ ತಪ್ಪು ಬಂದಾಗಲೂ ಕೆಳಗೆ ಬರೀ ಗಾಳಿ ಇರಲಿ ಎಂಬುದಕ್ಕಾಗಿಯೇ ನಿಲ್ದಾಣದ ಸುತ್ತ ಎತ್ತರದ ಮಿತಿ ಇರುವುದು. ಆದರೆ ಅಷ್ಟೆತ್ತರ ಕಟ್ಟಿ ಮುಗಿಸಿ, ವರ್ಷಗಟ್ಟಲೆ ಜಗಳವಾಗಿ, ಆಮೇಲೆ ಕೆಡವುವ ಪಾಡು ರೈತರಿಗೆ ಬರಬಾರದಿತ್ತು. ಕಟ್ಟುವ ಮೊದಲೇ ತಡೆಯಬೇಕಿತ್ತು. 2015ರ ಕೇಂದ್ರ ನಿಯಮದ ಪ್ರಕಾರ ನಿಲ್ದಾಣದ ಸುತ್ತ ಎತ್ತರದ ಕಟ್ಟಡ, ಗೋಪುರ, ಮೊಬೈಲ್ ಕಂಬ ಏಳಬೇಕಾದರೆ ವಿಮಾನ ನಿಲ್ದಾಣ ಪ್ರಾಧಿಕಾರದ ಒಪ್ಪಿಗೆ ಬೇಕು. ಎಲ್ಲಿ ಎಷ್ಟು ಎತ್ತರ ಎಂದು ಬಣ್ಣಗಳಲ್ಲಿ ತೋರಿಸುವ ನಕ್ಷೆಗಳೂ ಇವೆ. ಕುಮಠೆ, ಹೊಟಗಿ ಸುತ್ತಿನ ಪಂಚಾಯತಿಗಳ ಗೋಡೆಯ ಮೇಲೆ ಸೊಲ್ಲಾಪುರದ ನಕ್ಷೆಯನ್ನು ಮರಾಠಿಯಲ್ಲೂ ಕನ್ನಡದಲ್ಲೂ ಅಂಟಿಸಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಆ ಹಳ್ಳಿಗಳಲ್ಲಿ ಕನ್ನಡ ಮಾತ್ರ ಓದಬಲ್ಲವರು ಇನ್ನೂ ಇದ್ದಾರೆ.

ಇನ್ನೊಂದು ಮಾತು ವಿಮಾನ ಹತ್ತುವವರಿಗೆ. ಸೊಲ್ಲಾಪುರದಲ್ಲೋ ಕಲಬುರಗಿಯಲ್ಲೋ ಇಳಿಯಲು ಬಂದ ವಿಮಾನ ಗಾಲಿ ಮುಟ್ಟುವ ಮುಂಚೆಯೇ ಇಂಜಿನ್ ಗರ್ಜಿಸಿ ಮತ್ತೆ ಮೇಲೇರಿದರೆ ಗಾಬರಿಯಾಗಬೇಡಿ, ಕೆಳಗಿಳಿದ ಮೇಲೆ ತಡವಾಯಿತೆಂದು ಸಿಬ್ಬಂದಿಯ ಮೇಲೆ ರೇಗಬೇಡಿ. ಒಳಗೆ ಕೂತ ಇಬ್ಬರಲ್ಲಿ ಒಬ್ಬರು ತಪ್ಪನ್ನು ಕಂಡು ಬಾಯಿಬಿಟ್ಟು ಹೇಳಿದ್ದಾರೆ, ಇನ್ನೊಬ್ಬರು ಕೇಳಿದ್ದಾರೆ.